ಬಾಡಿಗೆ ಮನೆ, ಪೋಲೀಸರ ರಿಜಿಸ್ಟರು ಮತ್ತು ರೇವತಿಯವರ ಪುಸ್ತಕ

ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಕ್ರಿ.ಶ. 750ರ ಸುಮಾರಿನ ವೀರಗಲ್ಲು. ಕಿತ್ತಯ್ಯ ಎಂಬುವನು ಕಾದಾಡಿ ಸತ್ತ ಸುದ್ದಿ ಅದರಲ್ಲಿದೆ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದೇ ಹಳೆಯದು ಅಂತ ಶಾಸನತಜ್ಞರು ಹೇಳಿದರು, ಪತ್ರಿಕೆಗಳಲ್ಲಿ ಫೋಟೋ ಬಂತು, ಊರಿನವರು ಕಲ್ಲಿಗೆ ಹೂ ಹಾಕಿದರು. ಒಳ್ಳೆಯದೇ ಆಯ್ತು. ಒಬ್ಬ ಸಾಮಾನ್ಯನ ಸಾವಿಗೂ ಒಂದು ಕಲ್ಲು ಇದೆಯಲ್ಲ ಅಂತ ನಮಗೂ ಸಂತೋಷವೇ.

ಆದರೆ ಅದೇ ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದು ಒಂದೆರಡು ಮೈಲಿ ಹೋದರೆ ಅಮೃತಹಳ್ಳಿ. ಆ ಠಾಣೆಯ ಸರಹದ್ದಿನ ದಾಸರಹಳ್ಳಿಯಲ್ಲಿ 2008ರ ನವೆಂಬರಿನಲ್ಲಿ ಒಂದು ಊರಳಿವು ನಡೆಯಿತು. ಕತ್ತಿ ಇರಲಿಲ್ಲ, ಕುದುರೆ ಇರಲಿಲ್ಲ. ಪೋಲೀಸರು ಮನೆ ಮಾಲೀಕರಿಗೆ ಒಂದು ಮಾತು ಹೇಳಿದರು: ಹಿಜಡಾಗಳಿಗೆ ಕೊಟ್ಟಿರುವ ಮನೆಗಳನ್ನು ಖಾಲಿ ಮಾಡಿಸಿ. ಅಷ್ಟೇ ಸಾಕಾಯಿತು. ವರ್ಷಗಟ್ಟಲೆ ಬಾಡಿಗೆ ಕೊಟ್ಟುಕೊಂಡು, ಅಡ್ವಾನ್ಸು ಇಟ್ಟುಕೊಂಡು, ಆ ಬೀದಿಯ ಅಂಗಡಿಯಲ್ಲೇ ಅಕ್ಕಿ ಬೇಳೆ ತಂದುಕೊಂಡು ಇದ್ದ ಜನ ಪಾತ್ರೆ ಪಗಡ ಗಂಟು ಕಟ್ಟಬೇಕಾಯಿತು. ಈ ಊರಳಿವಿಗೆ ಯಾವ ಕಲ್ಲೂ ಇಲ್ಲ. ಆದ್ದರಿಂದ ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಅದಕ್ಕೆ ಮುಂಚೆ ಅಕ್ಟೋಬರ್ 20ರಂದು ಗಿರಿನಗರದಲ್ಲಿ ಐವರು ಹಿಜಡಾಗಳನ್ನು ಪೋಲೀಸರು ಹಿಡಿದಿದ್ದರು. ಯಾಕೆ ಹಿಡಿದಿರಿ ಅಂತ ಕೇಳಲು ಹೋದ 'ಸಂಗಮ' ಸಂಸ್ಥೆಯ ಕಾರ್ಯಕರ್ತರನ್ನೂ ಹಿಡಿದರು. ಅವರನ್ನು ಯಾಕೆ ಹಿಡಿದಿರಿ ಅಂತ ಠಾಣೆ ಮುಂದೆ ಕೂತವರನ್ನೂ ಹಿಡಿದರು. ಇದು ನಮ್ಮ ಚಳವಳಿಯ ಗೆಳೆಯರಿಗೆ ಹೊಸ ಕತೆಯಲ್ಲ. ಕೇರಿಗೆ ಏಟು ಬಿದ್ದಾಗ ಕೇಳಲು ಹೋದವನಿಗೂ ಏಟು ಬೀಳುತ್ತದೆ, ಆಮೇಲೆ ಅವನ ಮೇಲೇ ಕೇಸೂ ಬೀಳುತ್ತದೆ. ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅದೇ ನವೆಂಬರಿನಲ್ಲಿ ಬೆಂಗಳೂರಿನ ಈ ನಡೆಯನ್ನು 'ಸಾಮಾಜಿಕ ಶುದ್ಧೀಕರಣ' ಎಂದು ಕರೆದು ಹೇಳಿಕೆ ಕೊಟ್ಟಿತು. ಶುದ್ಧ! ಈ ಪದದ ಜಾಡು ಹಿಡಿದು ಹೋದರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ಅನ್ನುವುದು ಕೇರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅದೇ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗಿತ್ತು. ಅದರ ಹಿಂದಿನ ವರ್ಷ ಬ್ಯಾಟರಾಯನಪುರ ನಗರಸಭೆಯೂ ಸೇರಿದಂತೆ ಸುತ್ತಲ ಊರುಗಳನ್ನೆಲ್ಲ ಒಟ್ಟು ಮಾಡಿ ಬೃಹತ್ ಬೆಂಗಳೂರು ಅಂತ ಮಾಡಿದ್ದರು. ಬಳ್ಳಾರಿ ರಸ್ತೆ ವಿಮಾನದವರ ರಸ್ತೆಯಾಯಿತು. ಹೊಲ ಇದ್ದಲ್ಲಿ ಸೈಟು ಬಂತು, ಸೈಟು ಇದ್ದಲ್ಲಿ ಮೂರಂತಸ್ತು ಎದ್ದಿತು. ಕಾರಿನ ಗಾಜಿನ ಹೊರಗೆ ಕೈಚಾಚಿ ನಿಲ್ಲುವವರು ಹೊಸ ಊರಿಗೆ ಒಪ್ಪುವ ದೃಶ್ಯವಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಯಾವ ಕಡತವೂ ಹೇಳುವುದಿಲ್ಲ. ನಾವು ಹೇಳುತ್ತಿದ್ದೇವೆ.

ಪೋಲೀಸರಿಗೆ ಈ ಬುದ್ಧಿ ಎಲ್ಲಿಂದ ಬಂತು? ಒಬ್ಬ ಅಧಿಕಾರಿ ಕೆಟ್ಟವನು ಅಂದುಬಿಟ್ಟರೆ ಮಾತು ಮುಗಿದುಹೋಗುತ್ತದೆ. ಅಷ್ಟು ಸುಲಭ ಅಲ್ಲ. ಇದಕ್ಕೆ ನೂರೈವತ್ತು ವರ್ಷದ ಬೇರು ಇದೆ.

1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದರು. ಕೊರಚ, ಕೊರಮರಂಥ ಅಲೆಮಾರಿ ಜನರನ್ನು ಹುಟ್ಟುಗಳ್ಳರು ಅಂತ ಪಟ್ಟಿ ಮಾಡಲು ಈ ದೇಶಕ್ಕೆ ಕಲಿಸಿಕೊಟ್ಟ ಕಾಯಿದೆ ಅದು. ನಮ್ಮ ಹುಬ್ಬಳ್ಳಿ, ಗದಗ, ವಿಜಾಪುರದ ಕಡೆ ತಂತಿಬೇಲಿ ಹಾಕಿ ಜನರನ್ನು ಕೂಡಿದ 'ಸೆಟ್ಲಮೆಂಟು'ಗಳ ನೆನಪು ಇನ್ನೂ ಹಳಬರ ಬಾಯಲ್ಲಿದೆ. ಇದನ್ನು ನಮ್ಮವರು ಓದಿದ್ದಾರೆ, ಭಾಷಣ ಮಾಡಿದ್ದಾರೆ. ಆದರೆ ಆ ಕಾಯಿದೆಗೆ ಎರಡನೆಯ ಭಾಗ ಅಂತ ಒಂದಿತ್ತು. ಅದು 'ನಪುಂಸಕ'ರ ಬಗ್ಗೆ. ಅದನ್ನು ನಮ್ಮ ಸಭೆಗಳಲ್ಲಿ ಯಾರೂ ಓದಿ ಹೇಳಿದ್ದನ್ನು ನಾವು ಕೇಳಿಲ್ಲ.

ಆ ಭಾಗದಲ್ಲಿ ಏನಿತ್ತು? ಅವರ ಹೆಸರು, ವಾಸದ ಜಾಗ ಬರೆದಿಡಲು ಒಂದು ರಿಜಿಸ್ಟರು ಇರಬೇಕು. ಅವರ ಆಸ್ತಿಯ ಪಟ್ಟಿಯನ್ನೂ ಕೇಳಿ ಪಡೆಯಬಹುದು. ರಿಜಿಸ್ಟರಿನಲ್ಲಿ ಹೆಸರಿರುವವರು ಬೀದಿಯಲ್ಲಿ ಹೆಣ್ಣುಡುಗೆ ಉಟ್ಟು ಕಾಣಿಸಿಕೊಂಡರೆ, ಹಾಡಿ ಕುಣಿದರೆ, ವಾರೆಂಟ್ ಇಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಜೈಲು. ಹದಿನಾರು ವರ್ಷದೊಳಗಿನ ಹುಡುಗನನ್ನು ಜೊತೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ದತ್ತು ತೆಗೆದುಕೊಳ್ಳುವಂತಿಲ್ಲ. ಉಯಿಲು ಬರೆಯುವಂತಿಲ್ಲ. ಯಾರಿಗೂ ದಾನ ಕೊಡುವಂತಿಲ್ಲ. ಸ್ವಲ್ಪ ನಿಧಾನವಾಗಿ ಓದಿ ಗೆಳೆಯರೇ. ಸೀರೆ ಉಟ್ಟರೆ ಜೈಲು ಅನ್ನುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಉಯಿಲು ಬರೆಯಬಾರದು, ದತ್ತು ಪಡೆಯಬಾರದು ಅನ್ನುವುದಿದೆಯಲ್ಲ, ಅದು ಇನ್ನೂ ಕ್ರೂರ. ಗುರು ಸತ್ತರೆ ಚೇಲಾಗೆ ಮನೆ ಹೋಗಬಾರದು. ಸಂಸಾರ ಅಂತ ಒಂದು ಕಟ್ಟಿಕೊಳ್ಳಬಾರದು. ಒಂದು ತಲೆಮಾರಿಗೆ ಮುಗಿದುಹೋಗಬೇಕು. ಊರಬಾವಿಯ ನೀರು ಮುಟ್ಟಬಾರದು, ಒಡವೆ ಇಡಬಾರದು, ಆಸ್ತಿ ಮಾಡಬಾರದು ಅಂದ ಮನುವಿನ ಮೊಮ್ಮಗನೇ ಲಂಡನ್ನಿನಲ್ಲಿ ಕಾನೂನು ಓದಿಕೊಂಡು ಬಂದಂತಿದೆ ಈ ಕಾಯಿದೆ.

ಅದು ಮೊದಲು ಜಾರಿಯಾದದ್ದು ಉತ್ತರದ ಪ್ರಾಂತ್ಯಗಳಲ್ಲಿ. ಆದರೆ ಕೆಟ್ಟ ಕಾನೂನು ಸಾಂಕ್ರಾಮಿಕ ರೋಗದ ಹಾಗೆ. 1919ರಲ್ಲಿ ಹೈದರಾಬಾದಿನ ನಿಜಾಮನ ಸರ್ಕಾರವೂ ಇಂಥದೇ ಒಂದು ಕಾಯಿದೆ ಮಾಡಿತು. ಆಗ ಗುಲ್ಬರ್ಗ, ರಾಯಚೂರು, ಬೀದರ್ ನಿಜಾಮನ ಸೀಮೆಯಲ್ಲೇ ಇದ್ದವು. ಕ್ರಿಮಿನಲ್ ಟ್ರೈಬ್ಸ್ ಆಕ್ಟ್ 1952ರಲ್ಲಿ ರದ್ದಾಯಿತು. ಆ ಜನ 'ವಿಮುಕ್ತ'ರಾದರು, ಕಾಗದದ ಮೇಲೆ. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು, ನಮ್ಮ ರಾಜ್ಯದಲ್ಲಿ 1961ರಲ್ಲಿ. ಹೈದರಾಬಾದಿನ ಆ ಹಳೆಯ ಕಾಯಿದೆಯಂತೂ ಆಂಧ್ರದ ಪುಸ್ತಕದಲ್ಲಿ ಉಳಿದುಕೊಂಡು, 2023ರ ಜುಲೈನಲ್ಲಿ ತೆಲಂಗಾಣ ಹೈಕೋರ್ಟು ಇದು ಸಂವಿಧಾನಕ್ಕೆ ವಿರುದ್ಧ ಅನ್ನುವವರೆಗೂ ಇತ್ತು.

ಈಗ ನೋಡಿ ನಮ್ಮ ಕರ್ನಾಟಕದ ಸಾಹಸ. ದಾಸರಹಳ್ಳಿಯ ಘಟನೆಯಾಗಿ ಮೂರು ವರ್ಷಕ್ಕೆ, 2011ರಲ್ಲಿ, ಕರ್ನಾಟಕ ಪೋಲೀಸ್ ಕಾಯಿದೆಗೆ 36ಎ ಅಂತ ಒಂದು ಹೊಸ ಕಲಮು ಸೇರಿಸಿದರು. ಪೋಲೀಸ್ ಕಮೀಷನರು 'ನಪುಂಸಕ'ರ ಅನಪೇಕ್ಷಿತ ಚಟುವಟಿಕೆಗಳನ್ನು ತಡೆಯಲು, ಹತ್ತಿಕ್ಕಲು ಆಜ್ಞೆ ಮಾಡಬಹುದು. ಹುಡುಗರನ್ನು ಅಪಹರಿಸುವವರು, ಅಸ್ವಾಭಾವಿಕ ಅಪರಾಧ ಮಾಡುವವರು ಅನ್ನುವ ಗುಮಾನಿ ಇರುವವರ ಹೆಸರು, ವಿಳಾಸಗಳ ರಿಜಿಸ್ಟರು ಇಡಬಹುದು. 1871ರಲ್ಲಿ ಬಿಳಿಯರು ಬರೆದದ್ದನ್ನು 2011ರಲ್ಲಿ ವಿಧಾನಸೌಧದಲ್ಲಿ ಕೂತ ನಮ್ಮವರು ನಕಲು ಮಾಡಿದರು. ನಡುವೆ ಸ್ವಾತಂತ್ರ್ಯ ಬಂದಿತ್ತು, ಬಾಬಾಸಾಹೇಬರ ಸಂವಿಧಾನ ಬಂದಿತ್ತು. ನಕಲು ಮಾಡುವವರಿಗೆ ಅದು ಗೊತ್ತಾಗಲಿಲ್ಲ. ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆಯವರು ಹೈಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿರುವಾಗಲೇ 2016ರಲ್ಲಿ ಸರ್ಕಾರ ತಿದ್ದುಪಡಿ ತಂದು, ಆ ಪದ ಕಿತ್ತು ಅಲ್ಲಿ 'ವ್ಯಕ್ತಿ' ಅಂತ ಹಾಕಿತು. ರೋಗಿಯ ಹೆಸರು ಬದಲಾಯಿಸಿದರೆ ರೋಗ ಹೋಗುತ್ತದೆಯೇ? ಆದರೂ ಇದನ್ನು ಸಣ್ಣ ಗೆಲುವು ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೀದಿಯಲ್ಲಿ ನಿಂತು ಗೆದ್ದವರಿಗೆ ಅದರ ಬೆಲೆ ಗೊತ್ತು.

ಇಷ್ಟೆಲ್ಲ ರಿಜಿಸ್ಟರುಗಳಲ್ಲಿ ಹೆಸರಿದ್ದವರು ತಮ್ಮ ಬಗ್ಗೆ ತಾವೇ ಬರೆದುಕೊಂಡರೆ? ಅದೂ ನಡೆಯಿತು. ನಡೆದದ್ದು ಇದೇ ಬೆಂಗಳೂರಿನಲ್ಲಿ.

ಎ. ರೇವತಿಯವರು ತಮಿಳುನಾಡಿನ ನಾಮಕ್ಕಲ್ ಸೀಮೆಯ ಹಳ್ಳಿಯವರು. ಮನೆಗೆ ಕಡೆಯ ಮಗನಾಗಿ ಹುಟ್ಟಿ, ಒಳಗೆ ತಾನು ಹೆಣ್ಣು ಅಂತ ತಿಳಿದು, ಊರ ಹಬ್ಬದಲ್ಲಿ ಕೊರವಂಜಿ ವೇಷ ಹಾಕಿದಾಗ ಮಾತ್ರ ನಿರಾಳವಾಗಿ ಉಸಿರಾಡಿದವರು. ವೇಷ ಅಂದುಕೊಂಡು ಊರೆಲ್ಲ ಚಪ್ಪಾಳೆ ಹೊಡೆಯಿತು. ವೇಷ ತೆಗೆದ ಮೇಲೆ ಉಳಿದದ್ದೇ ವೇಷ ಅನ್ನುವುದು ಅವರೊಬ್ಬರಿಗೇ ಗೊತ್ತಿದ್ದದ್ದು. ಮನೆ ಬಿಟ್ಟರು, ದೆಹಲಿಗೆ ಹೋದರು, ಮುಂಬಯಿಗೆ ಹೋದರು. ತಿರುಗಿ ಬಂದಾಗ ಅಣ್ಣಂದಿರ ಏಟು ತಿಂದರು, ತಲೆ ಬೋಳಿಸಿಕೊಂಡರು. ಕಡೆಗೆ ಬೆಂಗಳೂರಿಗೆ ಬಂದು ಹಮಾಮಿನಲ್ಲಿ ಬದುಕಿದರು. ಹಮಾಮ್ ಅಂದರೆ ಬಿಸಿನೀರಿನ ಸ್ನಾನದ ಮನೆ. ಹೊರಗಿನವರಿಗೆ ಸ್ನಾನ, ಒಳಗಿದ್ದವರಿಗೆ ಅದೇ ಮನೆ, ಅದೇ ದಂಧೆ, ಅದೇ ಜಮಾತು. ಪೋಲೀಸರಿಗೂ ಪುಂಡರಿಗೂ ಯಾವಾಗ ಬೇಕಾದರೂ ತೆರೆದಿರುವ ಬಾಗಿಲು. ಅಲ್ಲಿ ನಡೆಯುತ್ತಿದ್ದ ಹಿಂಸೆಯನ್ನು ಪಿಯುಸಿಎಲ್ ಕರ್ನಾಟಕ ಘಟಕ 2003ರಲ್ಲಿ ಒಂದು ವರದಿಯಾಗಿ ತಂದಿದೆ. ರೇವತಿಯವರು ಅದನ್ನು ಮೈಮೇಲೆ ಹೊತ್ತು ಬದುಕಿದವರು.

1999ರಲ್ಲಿ ಬೆಂಗಳೂರಿನಲ್ಲಿ 'ಸಂಗಮ' ಶುರುವಾಯಿತು. ಮೊದಲಿಗೆ ಅದು ಪುಸ್ತಕ, ಪತ್ರಿಕೆ, ಕಾಗದ ಪತ್ರ ಕೂಡಿಡುವ ಜಾಗ. ರೇವತಿಯವರು ಅಲ್ಲಿ ಕೆಲಸಕ್ಕೆ ಸೇರಿದರು. ಸಂಬಳ ಕಡಿಮೆ, ಆದರೆ ಕುರ್ಚಿ ಮೇಲೆ ಕೂರುವ ಕೆಲಸ, ಕಪಾಟಿನ ತುಂಬ ಪುಸ್ತಕ. ಪುಸ್ತಕ ಅಂದರೆ ಏನು ಅನ್ನುವುದು ಮನೆಯಲ್ಲಿ ಪುಸ್ತಕ ಇದ್ದವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ನಮ್ಮಂಥ, ಅಪ್ಪ ಹೆಬ್ಬೆಟ್ಟು ಒತ್ತುವ ಮನೆಯಿಂದ ಮೊದಲ ಸಲ ಪದವಿ ಮಾಡಿದವರಿಗೆ ಗೊತ್ತು. ಹಾಸ್ಟೆಲಿನಲ್ಲಿ ಒಬ್ಬ ಸೀನಿಯರ್ ಕೈಗೆ 'ಊರು ಕೇರಿ' ಕೊಟ್ಟಾಗ, ಅರೆ, ನಮ್ಮ ಕೇರಿಯನ್ನೂ ಬರೆಯಬಹುದಾ ಅಂತ ರಾತ್ರಿಯೆಲ್ಲ ನಿದ್ದೆ ಬಾರದೆ ಹೊರಳಾಡಿದವರು ನಾವು. ರೇವತಿಯವರಿಗೆ ಹಾಗೆ ಕೈಗೆ ಕೊಡಲು ಒಂದು ಪುಸ್ತಕ ಇರಲಿಲ್ಲ. ಅವರ ಜನರ ಬಗ್ಗೆ ಇದ್ದದ್ದು ಪೋಲೀಸರು ಬರೆದದ್ದು, ಡಾಕ್ಟರು ಬರೆದದ್ದು, ಸಂಶೋಧಕರು ಬರೆದದ್ದು. ಆದ್ದರಿಂದ ಮೊದಲು ಅವರು ತಮ್ಮ ಕತೆ ಬರೆಯಲಿಲ್ಲ. ತಮಿಳುನಾಡಿನಲ್ಲಿ ಊರೂರು ತಿರುಗಿ, ತಮ್ಮಂಥ ಬೇರೆಯವರನ್ನು ಕೂರಿಸಿಕೊಂಡು, ಅವರ ಮಾತುಗಳನ್ನು ಕೇಳಿ, 'ಉಣರ್ವುಂ ಉರುವಮುಂ' ಎಂಬ ಪುಸ್ತಕ ಮಾಡಿದರು. ಒಳಗಿನ ಭಾವ ಒಂದು, ಹೊರಗಿನ ರೂಪ ಒಂದು ಅನ್ನುವುದು ಆ ಹೆಸರಿನ ತಾತ್ಪರ್ಯ. ಆಮೇಲೆ ತಮ್ಮ ಆತ್ಮಕತೆ. ವಿ. ಗೀತಾ ಅದನ್ನು ಇಂಗ್ಲಿಷಿಗೆ ತಂದರು, 2010ರಲ್ಲಿ 'ದ ಟ್ರೂತ್ ಅಬೌಟ್ ಮಿ' ಅಂತ ಪೆಂಗ್ವಿನ್‌ನವರು ಅಚ್ಚು ಹಾಕಿದರು. ಕನ್ನಡಕ್ಕೆ ಅದು 'ಬದುಕು ಬಯಲು' ಆಗಿ ಬಂತು.

ಕನ್ನಡಕ್ಕೆ ತಂದವರು ಯಾರು ಅನ್ನುವುದನ್ನು ನಮ್ಮ ಓದುಗರು ಗಮನಿಸಬೇಕು. ದು. ಸರಸ್ವತಿ. ಕವಿ, ರಂಗದ ಮೇಲೆ ಒಂಟಿಯಾಗಿ ನಿಂತು ನಗಿಸುತ್ತಲೇ ಇರಿಯುವ ನಟಿ, ಪೌರಕಾರ್ಮಿಕರ ಹೋರಾಟದಲ್ಲಿ ಅವರ ಜೊತೆ ಬೀದಿಗಿಳಿದ ದಲಿತ ಹೆಣ್ಣುಮಗಳು. ಊರಿನ ಕಸ ಗುಡಿಸುವವರ ಜೊತೆ ನಿಂತವರಿಗೇ ಊರು ಗುಡಿಸಿ ಹಾಕಿದವರ ಮಾತು ಕನ್ನಡದಲ್ಲಿ ಹೇಗೆ ನುಡಿಯಬೇಕು ಅನ್ನುವುದು ಗೊತ್ತಿತ್ತು. ಆ ಪುಸ್ತಕ ನಾಟಕವೂ ಆಯಿತು. ಹೆಗ್ಗೋಡಿನ 'ಜನಮನದಾಟ' ತಂಡ, ಎಂ. ಗಣೇಶ್ ನಿರ್ದೇಶನದಲ್ಲಿ, ಅದನ್ನು ಊರೂರಿಗೆ ಕೊಂಡೊಯ್ದಿತು. ಹಳ್ಳಿಯ ಹೈಸ್ಕೂಲು ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಒಂದು ಮಾತು: ನಿಮ್ಮ ಶಾಲೆಯಲ್ಲಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ, ನಡಿಗೆಯಲ್ಲಿ ಬಳುಕು ಇದ್ದ ಆ ಹುಡುಗ ಎಲ್ಲಿ ಹೋದ ಅಂತ ಹಾಜರಿ ಪುಸ್ತಕ ತೆಗೆದು ನೋಡಿ. ಈ ನಾಟಕ ನೋಡಬೇಕಾದ ಮೊದಲ ಪ್ರೇಕ್ಷಕರು ನೀವೇ.

ಆತ್ಮಕತೆಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ದೊಡ್ಡ ಹಿಂಸೆಯ ಪುಟಗಳಲ್ಲ. ಅಂಥ ಪುಟಗಳನ್ನು ಓದಿ ಅಯ್ಯೋ ಪಾಪ ಅನ್ನುವುದು ಸುಲಭ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಎಷ್ಟು ಅವಮಾನ ಅನ್ನುವುದು ನಮಗೆ ಗೊತ್ತು. ನಿಲ್ಲಿಸಿದ್ದು ದಿನದಿನದ ಸಣ್ಣ ಸಂಗತಿಗಳು. ಬಸ್ಸಿನಲ್ಲಿ ಯಾವ ಸೀಟು? ಆಸ್ಪತ್ರೆಯಲ್ಲಿ ಯಾವ ವಾರ್ಡು? ಕಕ್ಕಸಿಗೆ ಯಾವ ಬಾಗಿಲು? ಲೈಸೆನ್ಸಿನಲ್ಲಿ ಯಾವ ಹೆಸರು? ಅಪ್ಪನ ಆಸ್ತಿಯಲ್ಲಿ ಮಗನ ಪಾಲು ಕೇಳಬೇಕೋ, ಮಗಳ ಪಾಲು ಕೇಳಬೇಕೋ? ಹೊಡೆದು ಓಡಿಸಿದ ಮನೆಗೇ ದುಡ್ಡು ಕಳಿಸಿ, ಮುಪ್ಪಾದ ಅಪ್ಪ ಅಮ್ಮನ ಆರೈಕೆಗೆ ತಿರುಗಿ ಹೋಗಿ ನಿಂತವರು ಇದೇ ರೇವತಿಯವರು. ಗಂಡುಮಕ್ಕಳು ಅನ್ನಿಸಿಕೊಂಡವರು ಎಷ್ಟು ಜನ ಅಷ್ಟು ಮಾಡಿದ್ದಾರೆ?

ಇಲ್ಲಿ ಜಾತಿಯ ಮಾತೂ ಬರಬೇಕು. ಅದನ್ನು ಬಿಟ್ಟರೆ ಈ ಪತ್ರಿಕೆಯಲ್ಲಿ ಬರೆಯುವ ಅಗತ್ಯವೇ ಇಲ್ಲ. ರೇವತಿಯವರ ಕತೆಯಲ್ಲಿ ಜಗಳವಾಡಲು ಒಂದು ಆಸ್ತಿಯಾದರೂ ಇತ್ತು. ಲಿವಿಂಗ್ ಸ್ಮೈಲ್ ವಿದ್ಯಾ ಅವರಿಗೆ ಅದೂ ಇರಲಿಲ್ಲ. ಅವರು ಅರುಂಧತಿಯಾರ್ ಜಾತಿಯವರು, ದಲಿತರೊಳಗೇ ಕೆಳಗಿನ ಮೆಟ್ಟಿಲವರು. ಓದಿ ಮೇಲೆ ಬರಲಿ ಅಂತ ಅಪ್ಪ ಮಗನ ಮೇಲೆ ಇಟ್ಟ ಆಸೆಯೇ ಏಟಾಗಿ ಬೀಳುತ್ತಿತ್ತು. ಅವರ ಆತ್ಮಕತೆಯನ್ನು ತಮಿಳ್ ಸೆಲ್ವಿ ಕನ್ನಡಕ್ಕೆ ತಂದರು. ಅದನ್ನು ಆಧರಿಸಿ ಬಿ.ಎಸ್. ಲಿಂಗದೇವರು ಮಾಡಿದ 'ನಾನು ಅವನಲ್ಲ ಅವಳು' ಸಿನಿಮಾ 2015ರಲ್ಲಿ ತೆರೆಗೆ ಬಂತು. ಅದರಲ್ಲಿ ನಟಿಸಿದ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರ ಪ್ರಶಸ್ತಿ ಸಿಕ್ಕಿತು. ಪ್ರಶಸ್ತಿ ಬಂದ ಮೇಲೆ ಟಾಕೀಸಿನಲ್ಲಿ ಕೂತು ಅತ್ತವರು, ಹೊರಗೆ ಬಂದು ಸಿಗ್ನಲಿನಲ್ಲಿ ಕಾರಿನ ಗಾಜು ಏರಿಸಿದರು. ಇರಲಿ.

ಆ ಹೆಸರನ್ನೇ ಸ್ವಲ್ಪ ನೋಡಿ. ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು ನಮಗೆ ಲಿಂಗ ಎಷ್ಟು ಅಂತ ಕೇಳುತ್ತಿದ್ದರು. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಅಂತ ಒಕ್ಕೊರಲಿನಿಂದ ಕೂಗುತ್ತಿದ್ದೆವು. ನಪುಂಸಕಲಿಂಗಕ್ಕೆ ಉದಾಹರಣೆ? ಕಲ್ಲು, ಮರ, ದನ, ಮನೆ. ಅದೇ ಪದವನ್ನು ಬ್ರಿಟಿಷರ ಕಾಯಿದೆಯ ಕನ್ನಡದಲ್ಲಿ ಮನುಷ್ಯರಿಗೆ ಹಚ್ಚಿದರು. ವ್ಯಾಕರಣದಲ್ಲಿ ಮನುಷ್ಯನನ್ನು 'ಅದು' ಮಾಡಿದ ಮೇಲೆ ಠಾಣೆಯಲ್ಲಿ 'ಅದನ್ನ ಎಳ್ಕೊಂಡ್ ಬಾರೋ' ಅನ್ನುವುದಕ್ಕೆ ಎಷ್ಟು ಹೊತ್ತು? ಕೇರಿಯ ಮುದುಕನನ್ನೂ 'ಏನ್ಲಾ' ಅನ್ನುವ ಬಾಯಿಗೆ ಇದು ಕಷ್ಟವೇ ಅಲ್ಲ.

ಆದರೆ ಅದೇ ಕನ್ನಡದಲ್ಲಿ ಇನ್ನೊಂದು ಇದೆ. ಬಂದನು, ಬಂದಳು, ಬಂದಿತು ಅನ್ನುವುದೆಲ್ಲ ಬೇರೆಯವರು ನಮ್ಮ ಬಗ್ಗೆ ಹೇಳುವ ಮಾತು. ನಾವೇ ಹೇಳಿಕೊಂಡರೆ ಬರೀ 'ಬಂದೆ'. ಗಂಡೂ 'ನಾನು ಬಂದೆ' ಅನ್ನುತ್ತಾನೆ, ಹೆಣ್ಣೂ 'ನಾನು ಬಂದೆ' ಅನ್ನುತ್ತಾಳೆ. ಹಿಂದಿಯಲ್ಲಿ ಹಾಗಲ್ಲ, ಆಯಾ ಅನ್ನಬೇಕೋ ಆಯೀ ಅನ್ನಬೇಕೋ ಅಂತ ಬಾಯಿ ಬಿಟ್ಟ ಕೂಡಲೇ ಲಿಂಗ ಹೇಳಬೇಕು. ಕನ್ನಡದಲ್ಲೂ ತಮಿಳಿನಲ್ಲೂ 'ನಾನು' ಅನ್ನುವವರಿಗೆ ಆ ತಾಪತ್ರಯ ಇಲ್ಲ. ಹಾಗಾಗಿಯೇ ಇವರು ಬರೆದ ಮೊದಲ ದೊಡ್ಡ ಪುಸ್ತಕಗಳು ಆತ್ಮಕತೆಗಳಾದವು ಅನ್ನುವಷ್ಟು ಪಂಡಿತರು ನಾವಲ್ಲ. ಆದರೆ ರಿಜಿಸ್ಟರಿನಲ್ಲಿ 'ಅವನು', ಬೈಗುಳದಲ್ಲಿ 'ಅದು' ಆಗಿದ್ದವರಿಗೆ, 'ನಾನು' ಅಂತ ಬರೆಯಲು ಕೂತಾಗ ನುಡಿ ಅಡ್ಡ ಬರಲಿಲ್ಲ ಅನ್ನುವುದು ಮಾತ್ರ ನಿಜ. ಕರೆಯುವವರಿಗೂ ಕನ್ನಡ ಒಂದು ದಾರಿ ಇಟ್ಟಿದೆ. 'ಅವರು ಬಂದರು' ಅಂದರೆ ಮುಗಿಯಿತು. ಯಾವ ಲಿಂಗವೂ ಬೇಡ, ಮರ್ಯಾದೆ ಸಾಕು. ಕಾಸು ಖರ್ಚಿಲ್ಲದ ಕೆಲಸ ಇದು.

ಈಗ ನಮ್ಮ ಚಳವಳಿಯ ಕಡೆ ಒಂದು ಮಾತು. 1986ರಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಬೆತ್ತಲೆ ಸೇವೆಯನ್ನು ದಲಿತ ಸಂಘರ್ಷ ಸಮಿತಿಯ ಗೆಳೆಯರು ವಿರೋಧಿಸಿದರು. ಆ ದಿನ ಅಲ್ಲಿ ನಡೆದ ಗಲಭೆಯಲ್ಲಿ ಪೋಲೀಸರನ್ನೇ ಬೆತ್ತಲೆ ಮಾಡಿ ಮೆರೆಸಿದರು. ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಅದಕ್ಕೆ ಮೊದಲೇ 1982ರಲ್ಲಿ ದೇವದಾಸಿ ಬಿಡುವುದನ್ನು ತಡೆಯುವ ಕಾಯಿದೆ ಬಂದಿತ್ತು. ನಮ್ಮ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಗೌಡರ, ಪೂಜಾರಿಗಳ ಹಾಸಿಗೆಗೆ ತಳ್ಳುವ ಪದ್ಧತಿಯ ವಿರುದ್ಧ ನಿಂತದ್ದು ಸರಿ, ನೂರು ಸಲ ಸರಿ. ಅದರಲ್ಲಿ ರಾಜಿ ಇಲ್ಲ.

ಆದರೆ ಅದೇ ಎಲ್ಲಮ್ಮ, ಹುಲಿಗೆಮ್ಮರ ಗುಡ್ಡಗಳಲ್ಲಿ ಜೋಗಪ್ಪಗಳಿದ್ದರು. ಗಂಡಾಗಿ ಹುಟ್ಟಿ ಸೀರೆ ಉಟ್ಟು, ತಲೆ ಮೇಲೆ ಕೊಡ ಹೊತ್ತು, ಚೌಡಿಕೆ ಬಾರಿಸಿ ಹಾಡುವವರು. ಊರಿನಲ್ಲಿ, ಮನೆಯಲ್ಲಿ, ಶಾಲೆಯಲ್ಲಿ ಎಲ್ಲೂ ಜಾಗ ಇಲ್ಲದವರಿಗೆ ಆ ಗುಡ್ಡದ ಮೇಲೆ ಒಂದಿಷ್ಟು ಜಾಗ ಇತ್ತು. ಆ ಜಾಗಕ್ಕೆ ಬೆಲೆಯಾಗಿ ಭಿಕ್ಷೆ, ಅವಮಾನ ಎಲ್ಲವೂ ಇತ್ತು. ಆ ಕಾಲದ ನಮ್ಮ ಹಿರಿಯರ ಬರಹಗಳಲ್ಲಿ ಜೋಗಪ್ಪ ಬಂದರೆ ಮೂಢನಂಬಿಕೆಯ ಉದಾಹರಣೆಯಾಗಿ ಬರುತ್ತಾರೆ, ಮನುಷ್ಯರಾಗಿ ಬರುವುದು ಕಡಿಮೆ. ಎಲ್ಲಮ್ಮನನ್ನು ಬಿಡಿ ಅಂತ ಹೇಳುವಾಗ, ಬಿಟ್ಟು ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಗೆ ಚಳವಳಿಯ ಬಳಿ ಉತ್ತರ ಇರಬೇಕಿತ್ತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಧ್ವನಿ ಇಲ್ಲದವರ ಧ್ವನಿ ಅಂತ ನಾವೆಲ್ಲ ಹೇಳಿಕೊಂಡು ಬಂದಿದ್ದೇವಲ್ಲ, ಆ ಪಟ್ಟಿಯಲ್ಲಿ ಈ ಹೆಸರು ಬರಲು ಇನ್ನೂ ಇಪ್ಪತ್ತು ಮೂವತ್ತು ವರ್ಷ ಬೇಕಾಯಿತು.

ಉತ್ತರವನ್ನು ಅವರೇ ಕಟ್ಟಿಕೊಂಡರು. ಬಳ್ಳಾರಿ ಜಿಲ್ಲೆ ಕಲ್ಲುಕಂಬದ ಮಂಜುನಾಥ ಶೆಟ್ಟಿ ಹುಲಿಗೆಮ್ಮನಲ್ಲಿ ಮುತ್ತು ಕಟ್ಟಿಸಿಕೊಂಡು ಮಂಜಮ್ಮ ಜೋಗತಿಯಾದರು. ಭಿಕ್ಷೆ ಬೇಡಿದರು, ವಿಷ ಕುಡಿದು ಬದುಕಿದರು, ಕಾಳವ್ವ ಜೋಗತಿಯ ಮೇಳ ಸೇರಿ ಎಲ್ಲಮ್ಮನ ಆಟವನ್ನು ರಂಗದ ಮೇಲೆ ತಂದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗೇ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ನೋಡಿತು. ಅವರ ಬದುಕನ್ನು ಅರುಣ್ ಜೋಳದಕೂಡ್ಲಿಗಿ ಕೇಳಿ ಬರೆದುಕೊಟ್ಟ ಪುಸ್ತಕದ ಹೆಸರು 'ನಡುವೆ ಸುಳಿವ ಹೆಣ್ಣು'. ಜೇಡರ ದಾಸಿಮಯ್ಯನ ವಚನದ ನೆನಪು ಅದರಲ್ಲಿದೆ. ಒಳಗೆ ಸುಳಿಯುವ ಆತ್ಮಕ್ಕೆ ಗಂಡು ಹೆಣ್ಣು ಅನ್ನುವ ಭೇದವಿ‌ಲ್ಲ ಅಂತ ಹತ್ತು ಶತಮಾನದ ಹಿಂದೆ ಒಬ್ಬ ನೇಕಾರ ಹೇಳಿದ್ದನ್ನು ನಾವು ವೇದಿಕೆ ಸಿಕ್ಕಿದಲ್ಲೆಲ್ಲ ಹೇಳುತ್ತೇವೆ. ಬಸವ ಜಯಂತಿಗೆ ಅದನ್ನು ಹಾಡಿಸಿದ ಮನೆಯವರೇ ಬಾಡಿಗೆಗೆ ಮನೆ ಕೇಳಲು ಬಂದ 'ನಡುವೆ ಸುಳಿವ'ರಿಗೆ ಬಾಗಿಲು ಹಾಕುತ್ತಾರೆ.

ಕೊಲಂಬಿಯಾ ವಿಶ್ವವಿದ್ಯಾಲಯ ಅಂದರೆ ನಮಗೆ ಬಾಬಾಸಾಹೇಬರು. ಅಲ್ಲಿನ ಲೈಬ್ರರಿಯ ನೆತ್ತಿಯ ಮೇಲೆ ಹೋಮರ್, ಪ್ಲೇಟೋ ಮುಂತಾದ ಗಂಡಸರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. 2019ರಲ್ಲಿ ಅದರ ಮೇಲ್ಗಡೆ ಲೇಖಕಿಯರ ಹೆಸರಿನ ಒಂದು ದೊಡ್ಡ ಬಟ್ಟೆ ಕಟ್ಟಿದರು. ಮಾಯಾ ಏಂಜೆಲೊ, ಟೋನಿ ಮಾರಿಸನ್ ಜೊತೆಗೆ ಅದರಲ್ಲಿ ಎ. ರೇವತಿ ಅಂತ ಇತ್ತು. ಬೆಂಗಳೂರಿನ ಹಮಾಮಿನಿಂದ ಅಲ್ಲಿಗೆ!

ಕಾನೂನಿನ ಕತೆಯನ್ನು ಬೇಗ ಹೇಳಿ ಮುಗಿಸುತ್ತೇವೆ. 2010ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದ ಸಿ.ಎಸ್. ದ್ವಾರಕಾನಾಥ್ ಇವರನ್ನು ಹಿಂದುಳಿದವರ ಪಟ್ಟಿಗೆ ಸೇರಿಸಬೇಕು ಅಂತ ಶಿಫಾರಸು ಮಾಡಿದರು. 2011ರ ಜನಗಣತಿಯಲ್ಲಿ ಗಂಡು ಹೆಣ್ಣು ಬಿಟ್ಟು 'ಇತರೆ' ಎಂಬ ಕಲಮು ಬಂದು, ಕರ್ನಾಟಕದಲ್ಲಿ 20,266 ಜನ ಅಂತ ಬರೆದರು. 2013ರಲ್ಲಿ 'ಮೈತ್ರಿ' ಅಂತ ತಿಂಗಳಿಗೆ 500 ರೂಪಾಯಿ ಮಾಸಾಶನ ಬಂತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ರಾಧಾಕೃಷ್ಣನ್ ಮತ್ತು ಸಿಕ್ರಿ ಅವರು, ತಾನು ಯಾರು ಅಂತ ಹೇಳುವ ಹಕ್ಕು ಆಯಾ ಮನುಷ್ಯರದು ಅಂತ ತೀರ್ಪು ಕೊಟ್ಟರು. ಎಷ್ಟು ದೊಡ್ಡ ಮಾತು! ಆದರೆ ಅದೇ ವರ್ಷ ನವೆಂಬರಿನಲ್ಲಿ, ತೀರ್ಪಿನ ಮಸಿ ಆರುವ ಮೊದಲೇ, ಬೆಂಗಳೂರಿನ ಬೀದಿಗಳಿಂದ ನೂರಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡು ಹೋಗಿ ಮಾಗಡಿ ರಸ್ತೆಯ ಭಿಕ್ಷುಕರ ಕಾಲೊನಿಯಲ್ಲಿ ಕೂಡಿದರು. 1975ರ ಭಿಕ್ಷಾಟನೆ ನಿಷೇಧ ಕಾಯಿದೆ ಅದಕ್ಕೆ ಇತ್ತಲ್ಲ. ಕೆಲಸ ಕೊಡುವುದಿಲ್ಲ, ಬೇಡಿದರೆ ಹಿಡಿಯುತ್ತಾರೆ.

2021ರಲ್ಲಿ ಕರ್ನಾಟಕ ಸರ್ಕಾರ ನೇಮಕಾತಿ ನಿಯಮ ತಿದ್ದಿ, ಸರ್ಕಾರಿ ಕೆಲಸದಲ್ಲಿ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು. ಬೇರೆ ಯಾವ ರಾಜ್ಯವೂ ಆವರೆಗೆ ಮಾಡದ ಕೆಲಸ. ಇದರಲ್ಲಿ ನಮ್ಮವರು ಗಮನಿಸಬೇಕಾದದ್ದು ಅದರ ಬಗೆ. ಎಲ್ಲರನ್ನೂ ಒಂದೇ ಡಬ್ಬಿಗೆ ಹಾಕಲಿಲ್ಲ. ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಹೀಗೆ ಪ್ರತಿಯೊಂದರ ಒಳಗೂ ಆ ಒಂದು ಭಾಗ. ಅಂದರೆ ಕೇರಿಯ ಮಗಳು ತನ್ನ ಲಿಂಗ ಹೇಳಿಕೊಳ್ಳಲು ತನ್ನ ಜಾತಿಯ ಹಕ್ಕು ಬಿಟ್ಟುಕೊಡಬೇಕಿಲ್ಲ. ಇಡೀ ಸಮುದಾಯವನ್ನು ಹಿಂದುಳಿದ ವರ್ಗ ಅಂತ ಮಾಡಿದರೆ ದಲಿತರಾದವರು ಎಲ್ಲಿ ಹೋಗಬೇಕು ಅಂತ ತಮಿಳುನಾಡಿನ ಗ್ರೇಸ್ ಬಾನು ಮೊದಲಾದವರು ಎತ್ತಿದ ಪ್ರಶ್ನೆ ಇದೇ.

ಮನೆಯ ಮಾತಿಗೆ ಬರೋಣ. ಉತ್ತರ ಬೆಂಗಳೂರಿನ ಈ ಗಲ್ಲಿಗಳಲ್ಲಿ ನಾವೂ ಮನೆ ಹುಡುಕಿಕೊಂಡು ತಿರುಗಿದವರೇ. ಮೊದಲ ಪ್ರಶ್ನೆ, ಎಲ್ಲಿ ಕೆಲಸ? ಎರಡನೆಯದು, ಯಾವ ಊರು? ಮೂರನೆಯದು ನಗುನಗುತ್ತಾ ಬರುತ್ತದೆ: 'ವೆಜ್ಜಾ, ನಾನ್‌ವೆಜ್ಜಾ?' ಅದಕ್ಕೆ ಉತ್ತರ ಕೊಟ್ಟ ಮೇಲೆ, 'ನಮ್ಮ ಮಗ ಫಾರಿನ್ನಿಂದ ಬರ್ತಾನೆ, ಮನೆ ಕೊಡಲ್ಲ' ಅಂತಾರೆ. ಬೋರ್ಡು ಮಾತ್ರ ಎರಡು ತಿಂಗಳಾದರೂ ಗೇಟಿನ ಮೇಲೇ ಇರುತ್ತದೆ. ನಮಗೆ ಮೂರು ಪ್ರಶ್ನೆಯಾದರೂ ಕೇಳುತ್ತಾರೆ. ರೇವತಿಯವರ ಜನಕ್ಕೆ ಒಂದನ್ನೂ ಕೇಳುವುದಿಲ್ಲ, ಮುಖ ನೋಡಿದ ಕೂಡಲೇ ಗೇಟು ಮುಚ್ಚುತ್ತದೆ. ಕೊಟ್ಟರೂ ಬಾಡಿಗೆ ಒಂದಕ್ಕೆ ಒಂದೂವರೆ. ಕರಾರು ಪತ್ರ ಇಲ್ಲ. ಕರಾರು ಇಲ್ಲದ್ದಕ್ಕೆ ವಿಳಾಸದ ದಾಖಲೆ ಇಲ್ಲ. ವಿಳಾಸ ಇಲ್ಲದ್ದಕ್ಕೆ ರೇಷನ್ ಕಾರ್ಡು ಇಲ್ಲ, ಮಾಸಾಶನದ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಪೋಲೀಸರ ರಿಜಿಸ್ಟರಿಗೆ ಮಾತ್ರ ವಿಳಾಸ ಸಿಗುತ್ತದೆ.

2019ರ ಟ್ರಾನ್ಸ್‌ಜೆಂಡರ್ ಕಾಯಿದೆಯನ್ನು ಆ ಸಮುದಾಯದವರೇ ಬೀದಿಗಿಳಿದು ವಿರೋಧಿಸಿದರು. ತಾನು ಯಾರು ಅಂತ ಹೇಳಲು ಜಿಲ್ಲಾ ಮ್ಯಾಜಿಸ್ಟ್ರೇಟರ ಸರ್ಟಿಫಿಕೇಟು ಬೇಕು ಅಂತ ಅದರಲ್ಲಿ ಬರೆದರು. ಲೈಂಗಿಕ ದೌರ್ಜನ್ಯಕ್ಕೆ ಆರು ತಿಂಗಳಿಂದ ಎರಡು ವರ್ಷ ಅಂತ ಬರೆದರು. ಬೇರೆ ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದರೆ ಕಡಿಮೆ ಅಂದರೂ ಹತ್ತು ವರ್ಷ ಜೈಲು ಇರುವಾಗ ಇವರ ಮೈಗೆ ಇಷ್ಟು ಅಗ್ಗದ ಬೆಲೆ. ಆದರೆ ಅದೇ ಕಾಯಿದೆಯಲ್ಲಿ ಎರಡು ಸಾಲುಗಳು ಬಂದವು. ಬಾಡಿಗೆಗೆ ಮನೆ ಕೊಡಲು ಭೇದ ಮಾಡಬಾರದು ಅನ್ನುವುದು ಒಂದು. ಇಂಥವರನ್ನು ಮನೆಯಿಂದ, ಊರಿನಿಂದ, ವಾಸದ ಜಾಗದಿಂದ ಬಲವಂತವಾಗಿ ಬಿಡಿಸಿದರೆ ಆರು ತಿಂಗಳಿಂದ ಎರಡು ವರ್ಷ ಜೈಲು ಅನ್ನುವುದು ಇನ್ನೊಂದು. ಆ ಎರಡನೆಯ ಸಾಲಿನ ಪ್ರಕಾರ, 2008ರ ನವೆಂಬರಿನಲ್ಲಿ ದಾಸರಹಳ್ಳಿಯಲ್ಲಿ ನಡೆದದ್ದು ಹನ್ನೆರಡು ವರ್ಷ ತಡವಾಗಿ ನಡೆದಿದ್ದರೆ ಅಪರಾಧವಾಗುತ್ತಿತ್ತು. ಮನೆ ಬಿಡಿಸಿದವರ ಮೇಲೆ ದೂರು ಕೊಡಲು ಅಮೃತಹಳ್ಳಿ ಠಾಣೆಗೇ ಹೋಗಬೇಕಾಗುತ್ತಿತ್ತು.